ಗ್ರಹಣದ ಕರೆಂಟು

ಆಕ್ಸಿಜನ್ ಯಂತ್ರ ಕೀಂ ಕೀಂ ಎಂದು ಅರಚಿಕೊಂಡಾಗ ಮುತ್ತುಲಕ್ಷ್ಮಿ ಹಿತ್ತಲಲ್ಲಿ ಗ್ರಹಣದ ನೀರು ಚೆಲ್ಲಿ ಕೊಡ ತೊಳೆಯುತ್ತಿದ್ದಳು. ಕೊಡವನ್ನು ಅಲ್ಲೇ ಬಿಸಾಕಿ ಒಳಗೆ ಓಡಿದಳು. ಮಂಚದ ಮೇಲೆ ಮಾವ ಕಾಳಿಮುತ್ತು ಎದೆ ಹಿಡಿದುಕೊಂಡು ಬಾಯಿ ಬಾಯಿ ಬಿಡುತ್ತಿದ್ದರು. ಮೂಗಿನ ಕೊಳವೆಯಲ್ಲಿ ಗಾಳಿಯೇ ಇಲ್ಲ. ತುಟಿ ನೇರಳೆ ಬಣ್ಣಕ್ಕೆ ತಿರುಗಿತ್ತು.

ಕರೆಂಟು ಹೋದರೆ ಹೋಗಲಿ, ಅದಕ್ಕೆಂದೇ ತಾನೆ ಮಾಳಿಗೆಗೆ ಸೋಲಾರ್ ಹಾಕಿಸಿ, ಮೂಲೆಯಲ್ಲಿ ಇಷ್ಟು ದೊಡ್ಡ ಬ್ಯಾಟರಿ ಕೂರಿಸಿದ್ದು! ಬೆಳಿಗ್ಗೆ ನೋಡಿದಾಗ ಭರ್ತಿಯಿತ್ತು. ಈಗ ಅದರ ಹಸಿರು ದೀಪವೇ ಆರಿಹೋಗಿದೆ.

“ಮಾವಾ, ಮೆಲ್ಲಗೆ... ಇದೋ, ಕರೆಂಟು ಬಂದ್ಬಿಡ್ತದೆ” ಎನ್ನುತ್ತ ಬೆನ್ನಿಗೆ ದಿಂಬು ಕೊಟ್ಟು ಕೂರಿಸಿದಳು. ಆಗ ಪಕ್ಕದ ಮನೆಯ ಟೀವಿ ಕಿವಿಗೆ ಬಿತ್ತು. ತಮಿಳು ಸೀರಿಯಲ್ಲಿನ ಅತ್ತೆಯೊಬ್ಬಳು ಜೋರಾಗಿ ಅಳುತ್ತಿದ್ದಳು. ಅಯ್ಯೋ ದೇವರೇ, ಕೊಂಬೈ ಊರಿಗೆಲ್ಲ ಕರೆಂಟಿದೆ, ತಮ್ಮ ಮನೆಗೆ ಮಾತ್ರ ಇಲ್ಲ!

ಮೀಟರ್ ಪೆಟ್ಟಿಗೆಗೆ ಓಡಿದಳು. ಮೇನ್ ಸ್ವಿಚ್ಚಿನ ಹಿಡಿಯನ್ನು ಯಾರೋ ಕೆಳಗೆ ಎಳೆದಿದ್ದರು. ಮೇಲೆ ನೂಕಿದ್ದೇ ತಡ, ಎಲ್ಲ ಕೋಣೆಯ ಫ್ಯಾನು ತಿರುಗಿದವು, ಹಟ್ಟಹಗಲಲ್ಲಿ ಮನೆಯ ದೀಪವೆಲ್ಲ ಉರಿದವು, ಅಡುಗೆಮನೆಯಲ್ಲಿ ಒಂದು ಕಾಳೂ ಹಾಕದ ಗ್ರೈಂಡರು ಗರಗರ ಸುತ್ತತೊಡಗಿತು. ಹಿತ್ತಲಲ್ಲಿದ್ದಾಗ ಇದೇ ಸದ್ದು ಕೇಳಿ ಅತ್ತೆ ಹಿಟ್ಟು ರುಬ್ಬುತ್ತಿದ್ದಾರೆಂದೇ ಅವಳು ತಿಳಿದಿದ್ದಳು. ಯಂತ್ರ ಉಸಿರೆಳೆಯಿತು. ಅದರ ಹಿಂದೆಯೇ ಮಾವನೂ ಎಳೆದರು.

ತಲೆಗೆ ನೀರು ಹಾಕಿಕೊಂಡು ಅತ್ತೆ ಪೊನ್ನುತಾಯಿ ಬಚ್ಚಲಿನಿಂದ ಬಂದರು. “ಯಾರೇ ಅದು ಮೇನ್ ಹಾಕ್ದೋರು? ಬ್ಯಾಟ್ರಿ ಪೂರಾ ಖಾಲಿ ಆಯ್ತಾ?”

“ಆಫ್ ಮಾಡಿದ್ದು ನೀವಾ ಅತ್ತೆ?”

“ನಾನೇ ಕಣಮ್ಮ. ಮೇನ್ ಇಳಿಸಿದ್ರೆ ಬ್ಯಾಟ್ರೀದು ಓಡ್ತದೆ ಅಂತ ಸೋಲಾರಿನೋನು ಹೇಳಿದ್ನಲ್ಲ. ಕಂಬದಿಂದ ಬರೋ ಸರ್ಕಾರದ ಕರೆಂಟು ಡ್ಯಾಮ್ ನೀರಿಂದು, ಅದಕ್ಕೆ ಮೈಲಿಗೆ ಇಲ್ಲ. ಇದು ಸೂರ್ಯನ್ದು. ಹಾವು ನುಂಗಿ ಉಗಿದ ಸೂರ್ಯನ ಕರೆಂಟು ಇವರ ಮೂಗಿಗೆ ಹೋಗ್ಬೋದಾ? ಕೊಡದ ನೀರು ಚೆಲ್ದಂಗೆ ಇದನ್ನೂ ಚೆಲ್ಬಿಡೋಣ ಅಂತ ಫ್ಯಾನು, ದೀಪ ಎಲ್ಲಾ ಹಾಕ್ಬಿಟ್ಟು ಸ್ನಾನಕ್ಕೆ ಹೋದೆ. ಅಲ್ಲೀವರೆಗೂ ಇರ್ಲಿ ಅಂತ ಕೊಳವೆಗೆ ದರ್ಭೆ ಕಟ್ಟಿದೀನಿ, ನೋಡು.”

“ನೀವು ಚೆಲ್ಲಿದ್ದು ಮಾವನ ಉಸಿರು, ಅತ್ತೆ!” ಮುತ್ತುಲಕ್ಷ್ಮಿ ಕಿರುಚಿಬಿಟ್ಟಳು. ಈ ಮನೆಗೆ ಬಂದ ಮೇಲೆ ಅತ್ತೆಯೆದುರು ಅವಳ ದನಿ ಏರಿದ್ದು ಇದೇ ಮೊದಲು.

ಪೊನ್ನುತಾಯಿ ಮಂಚದ ಕಡೆ ತಿರುಗಿದರು. ಗಂಡನ ತುಟಿಯ ನೇರಳೆ ಇನ್ನೂ ಪೂರ್ತಿ ಮಾಸಿರಲಿಲ್ಲ. ಕೊಳವೆಯ ಮೇಲಿನ ದರ್ಭೆ ಅವರ ಎದೆಯ ಜೊತೆ ಏರಿ ಇಳಿಯುತ್ತಿತ್ತು.

“ಎಲ್ಲಾನೂ ಚೆಲ್ಬಿಟ್ಯಾ ಪೊನ್ನಿ?” ಕಾಳಿಮುತ್ತು ಏದುಸಿರಿನಲ್ಲೇ ಕೇಳಿದರು. “ನಂಗೊಂದು ಗುಟುಕಾದ್ರೂ ಇಡ್ಬಾರ್ದಿತ್ತಾ?”

ಪೊನ್ನುತಾಯಿ ಸೆರಗಿನಲ್ಲಿ ಕೈ ಒರೆಸಿಕೊಂಡು ಮೀಟರ್ ಪೆಟ್ಟಿಗೆಯ ಹತ್ತಿರ ಹೋದರು. ಮೇನಿನ ಹಿಡಿಯನ್ನು ಎರಡೂ ಕೈಯಿಂದ ಮೇಲಕ್ಕೆ ಒತ್ತಿ ಹಿಡಿದು ನಿಂತರು.

“ಬಿಡಿ ಅತ್ತೆ, ಅದು ತಾನಾಗಿ ಬೀಳಲ್ಲ” ಎಂದಳು ಮುತ್ತುಲಕ್ಷ್ಮಿ.

ಪಕ್ಕದ ಮನೆಯ ಸೀರಿಯಲ್ ಮುಗಿದರೂ ಅವರು ಕೈ ತೆಗೆಯಲಿಲ್ಲ.