ವಿಭೂತಿ ನೀರು

ಬಿದಿರು ಗಳದ ಬೆಣೆಯನ್ನು ಯಾರೂ ಏಳುವ ಮುಂಚೆ ಕಿತ್ತು ಬಚ್ಚಿಟ್ಟವನು ಚಿಕ್ಕಸಿದ್ದಯ್ಯನೇ. ರೇಡಿಯೋದ ತಂತಿ ಕಟ್ಟಿದ ಗಳ ಅದು. ಅಲ್ಲಾಡಿದರೆ ಒಳಗೆ ಪೆಟ್ಟಿಗೆ ಗೊರಗೊರ ಅನ್ನುತ್ತಿತ್ತು. "ಗಾಳಿಗೆ ಸಡ್ಲ ಆಗ್ಬುಟ್ಟದೆ ಬುದ್ಧಿ, ನಾನೇ ಇಡ್ಕಂಡು ನಿಂತ್ಕತೀನಿ" ಅಂದ. "ಇಡ್ಕೊ, ಮಧ್ಯದಲ್ಲಿ ಕೈ ಬಿಟ್ಟೀಯ ಮತ್ತೆ!" ಅಂದರು ಯಜಮಾನ ಕೆಂಪನಂಜಪ್ಪನವರು. ಅಂತೂ ಕೆಳಗೇರಿಯ ಆಳಿಗೆ ಬಸವ ಜಯಂತಿಯ ದಿನವಿಡೀ ಆ ಮನೆಯ ಅಂಗಳದಲ್ಲಿ, ನಡುಮನೆಯ ಕಿಟಕಿಗೆ ನೇರವಾಗಿ ನಿಲ್ಲಲು ಒಂದು ನೆಪ ಸಿಕ್ಕಿತು.

ಅವನ ಮಗ ಬಿಳಿಗಿರಿ ಇವತ್ತು ಮೈಸೂರು ರೇಡಿಯೋದಲ್ಲಿ ಹಾಡುವವನಿದ್ದ. ಅವನಿದ್ದ ಕೊಳ್ಳೇಗಾಲದ ಹಾಸ್ಟೆಲಿನ ಮೇಷ್ಟ್ರು ಗುಟ್ಟಾಗಿ ಹೇಳಿದ್ದರು. ಎಷ್ಟು ಹೊತ್ತಿಗೆ ಎಂದು ಕೇಳಲು ಇವನು ಸಂಭ್ರಮದಲ್ಲಿ ಮರೆತೇಬಿಟ್ಟಿದ್ದ. ಆಗಿನ್ನೂ ಕಂದಾಯವನ್ನು ಮದರಾಸು ಸರ್ಕಾರಕ್ಕೆ ಕಟ್ಟುತ್ತಿದ್ದರೂ ಮುಳ್ಳೂರಿನವರು ಕಿವಿ ಕೊಡುತ್ತಿದ್ದದ್ದು ಮೈಸೂರಿಗೇ; ಆದರೆ ಊರಿಗೆಲ್ಲ ಇದ್ದದ್ದು ಇದೊಂದೇ ರೇಡಿಯೋ. ಅದರ ಬ್ಯಾಟರಿಯನ್ನು ಕೊಳ್ಳೇಗಾಲಕ್ಕೆ ಹೊತ್ತು, ಚಾರ್ಜ್ ಮಾಡಿಸಿ ತರುವ ಕೆಲಸ ಚಿಕ್ಕಸಿದ್ದಯ್ಯನದು. ಅವನ ಹೆಗಲ ವಸ್ತ್ರವನ್ನು ಆಸಿಡ್ ತಿಂದು ಜರಡಿ ಮಾಡಿತ್ತು. ತಂದದ್ದನ್ನು ಅವನು ಜಗಲಿಯ ಮೇಲಿಟ್ಟು ದೂರ ಸರಿಯಬೇಕು. ಯಜಮಾನರ ತಾಯಿ ಗುರುಸಿದ್ದಮ್ಮ ವಿಭೂತಿ ಕದಡಿದ ನೀರನ್ನು ಅದರ ಮೇಲೆ ಚಿಮುಕಿಸಿದ ಮೇಲೆಯೇ ಅದು ಒಳಕ್ಕೆ ಹೋಗುವುದು. ಬ್ಯಾಟರಿಯೂ ಪಾಪ, ತುಟಿ ಪಿಟಕ್ಕೆನ್ನದೆ ನೆನೆದು ಕೆಲಸ ಮಾಡುತ್ತಿತ್ತು.

ಬೆಳಿಗ್ಗೆ ವೀಣೆ ಆಯಿತು, ಪಿಟೀಲು ಆಯಿತು. ಬಿಸಿಲೇರಿದ ಮೇಲೆ ಯಾರೋ ಪಂಡಿತರು ಶರಣರ ಬಗ್ಗೆ ಭಾಷಣ ಮಾಡಿದರು. ಭಕ್ತರಲ್ಲಿ ಮೇಲು ಕೀಳು ಹುಡುಕುವವನು ಭಕ್ತನೇ ಅಲ್ಲ ಎಂದು ಗಂಟಲೇರಿಸಿ ಹೇಳಿದರು. "ಸತ್ಯವಾದ ಮಾತು ಕಣವ್ವ" ಅಂದರು ಕೆಂಪನಂಜಪ್ಪ. "ಊ ಕಣಪ್ಪ" ಎಂದು ಗುರುಸಿದ್ದಮ್ಮ ಎಲೆಗೆ ಸುಣ್ಣ ಸವರಿದರು. ಅಂಗಳದಲ್ಲಿ ಚಿಕ್ಕಸಿದ್ದಯ್ಯನ ಗಂಟಲು ಒಣಗಿ ಹೋಗಿತ್ತು. ನೀರು ಕುಡಿಯಲು ಕೇರಿಗೆ ಹೋಗಿ ಬರುವಷ್ಟರಲ್ಲಿ ಹಾಡು ಮುಗಿದುಬಿಟ್ಟರೆ ಎಂದು ಅಲುಗಲಿಲ್ಲ.

ಆಗ ಬಂತು. "ಈಗ ಮುಳ್ಳೂರು ಬಿಳಿಗಿರಿ ಅವರಿಂದ ವಚನ ಗಾಯನ."

"ಅವ್ವಾ, ನಮ್ಮೂರ್ನೋನು ಕಣವ್ವ!" ಕೆಂಪನಂಜಪ್ಪ ಕುರ್ಚಿಯಿಂದ ಎದ್ದೇಬಿಟ್ಟರು.

"ಯಾವ ಬಿಳಿಗಿರಿಯಪ್ಪ? ಯಳಂದೂರಿಂದ ಬಂದ ಐನೋರ ಮೊಮ್ಮಗ ಇರ್ಬೈದು."

ತಂಬೂರಿ ಮಿಡಿಯಿತು, ಅದರ ಹಿಂದೆಯೇ ದನಿ ಬಂತು. ಸೊಪ್ಪಿನ ಹೊರೆ ಹೊತ್ತು ಕೆರೆ ಏರಿಯ ಮೇಲೆ ಹಾಡಿಕೊಂಡು ಬರುತ್ತಿದ್ದನಲ್ಲ, ಅದೇ ದನಿ. ಆದರೆ ಈಗ ಅದಕ್ಕೆ ಅವಸರವಿರಲಿಲ್ಲ, ಯಾರ ಭಯವೂ ಇರಲಿಲ್ಲ. ಚಿಕ್ಕಸಿದ್ದಯ್ಯ ಗಳವನ್ನು ಎದೆಗೊತ್ತಿಕೊಂಡು ಕಣ್ಣು ಮುಚ್ಚಿದ. ಒಳಗೆ ಗುರುಸಿದ್ದಮ್ಮ ಎದೆಯ ಮೇಲಿನ ಲಿಂಗವನ್ನು ಕರಡಿಗೆಯಿಂದ ತೆಗೆದು ಅಂಗೈಯಲ್ಲಿಟ್ಟುಕೊಂಡಿದ್ದರು. ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. "ಏನ್ ದನಿಯಪ್ಪ! ಇವನ್ನ ಎತ್ತೋಳ್ ವಟ್ಟೆ ತಣ್ಣಗಿರ್ಲಿ" ಅಂದರು.

ಹೆತ್ತ ದೊಡ್ಡಮಾದಮ್ಮ ಇದೇ ಮನೆಯ ಗದ್ದೆಯಲ್ಲಿ ಬಗ್ಗಿ ನಾಟಿ ಹಾಕಿ ಹಾಕಿ, ಒಂದು ದಿನವೂ ತಣ್ಣನೆಯ ಮಾತು ಕೇಳದೆ ಮಣ್ಣು ಸೇರಿದ್ದಳು. ಇವತ್ತು ಇಷ್ಟು ದೊಡ್ಡ ಹಾರೈಕೆ ವಿಳಾಸ ತಪ್ಪಿ ಬೇರೆ ಯಾರಿಗೋ ಹೋಗುವುದೇ? ಚಿಕ್ಕಸಿದ್ದಯ್ಯನ ಜೀವ ತಡೆಯಲಿಲ್ಲ. "ನನ್ ಮಗ ಕಣ್ರವ್ವಾ! ನಮ್ ದೊಡ್ಡಮಾದಿ ಎತ್ತ ಮಗ!" ಎಂದು ಕೂಗಿಬಿಟ್ಟ.

ಒಳಗೆ ಹಾಡು ನಡೆದೇ ಇತ್ತು. ಗುರುಸಿದ್ದಮ್ಮ ಲಿಂಗವನ್ನು ಲಗುಬಗೆಯಿಂದ ಕರಡಿಗೆಗೆ ಸೇರಿಸಿ ಮೇಲೆದ್ದರು. "ಅಯ್ಯೋ ಶಿವನೇ, ನಡುಮನೇಲೇ ಬಂದು ಕೂತವ್ನಲ್ಲೋ!" ಕೈಗೆ ಸಿಕ್ಕಿದ್ದು ಅದೇ ವಿಭೂತಿ ನೀರಿನ ಚೊಂಬು.

"ಬ್ಯಾಡ ಕಣವ್ವ, ಕಾದದೆ ಅದು..." ಅಂದರು ಕೆಂಪನಂಜಪ್ಪ.

"ಬ್ಯಾಟ್ರಿ ತಡ್ಕತದಂತೆ, ಇದ್ಯಾಕ್ ತಡ್ಕಳಕಿಲ್ಲ?" ಮುಂದೆ ಚಿಮುಕಿಸಿದರು, ಸಾಲದೆಂದು ಪೆಟ್ಟಿಗೆಯ ಬೆನ್ನಿನ ತೂತುಗಳೊಳಕ್ಕೂ ಸುರಿದರು. ಒಳಗೆ ಕಾದಿದ್ದ ಗಾಜಿನ ಬುರುಡೆಗಳು ಟಪ್ಪೆಂದವು. ದನಿ ಮೇಲಕ್ಕೆ ಏರುತ್ತಿದ್ದ ಜಾಗದಲ್ಲೇ ಕತ್ತರಿಸಿತು. ಸುಟ್ಟ ವಾಸನೆ ಅಂಗಳದವರೆಗೂ ಬಂತು.

"ಕಂಡ್ಯಾ? ಮೈಲಿಗೆ ತಡೀದೆ ಸತ್ತೇ ಓಯ್ತು" ಅಂದರು ಗುರುಸಿದ್ದಮ್ಮ.

ನೀರು ಒಳಗಿಳಿದದ್ದನ್ನು ಕೆಂಪನಂಜಪ್ಪ ಕಣ್ಣಾರೆ ಕಂಡಿದ್ದರು. ಆದರೂ ಅತ್ತೆಯ ಮೇಲಿನ ಕೋಪ ಕೊತ್ತಿಯ ಮೇಲೆ ಅನ್ನುವಂತೆ ಜಗಲಿಗೆ ಬಂದು ಆಳಿನ ಮೇಲೆ ಹರಿಹಾಯ್ದರು. "ಎಲ್ಲಾ ನಿನ್ನಿಂದ ಕಣ್ಲಾ! ಆ ಗಳಕ್ಕಲ್ಲ, ನಿನ್ ಬಾಯಿಗೆ ಒಡೀಬೇಕಾಗಿತ್ತು ಬೆಣೆಯ. ಇನ್ನೇನ್ ತಬ್ಕಂಡ್ ನಿಂತಿದ್ದೀಯ, ಬಿಡು!"

ಚಿಕ್ಕಸಿದ್ದಯ್ಯ ಆಗ ಕೈ ಬಿಟ್ಟ. ಮೈಸೂರಿನಲ್ಲಿ ಮಗ ಇನ್ನೂ ಹಾಡುತ್ತಲೇ ಇದ್ದಾನೆ, ತನಗೆ ಮಾತ್ರ ಕೇಳುತ್ತಿಲ್ಲ ಎಂಬ ಯೋಚನೆ ಬಂತು. ಕೆಂಪನಂಜಪ್ಪ ಪೆಟ್ಟಿಗೆಯನ್ನು ಜಗಲಿಯ ಮೇಲಿಟ್ಟು, ಈಗಲೇ ಕೊಳ್ಳೇಗಾಲದ ರಿಪೇರಿಯವನ ಹತ್ತಿರ ಹೊತ್ತುಕೊಂಡು ಹೋಗು ಎಂದರು. ಆ ಪೆಟ್ಟಿಗೆಯನ್ನು ಅವನು ಮುಟ್ಟಿದ್ದು ಅದೇ ಮೊದಲು. ಇನ್ನೂ ಬೆಚ್ಚಗಿತ್ತು. ಅದರ ಹಣೆಯ ಮೇಲೆ ವಿಭೂತಿ ಬೆಳ್ಳಗೆ ಒಣಗುತ್ತಿತ್ತು. ಹೆಗಲ ವಸ್ತ್ರದ ಸಿಂಬೆ ಮಾಡಿಕೊಂಡು ಪೆಟ್ಟಿಗೆಯನ್ನು ತಲೆಯ ಮೇಲಿಟ್ಟು ಹೊರಟ.

ಬೇಲಿ ದಾಟುವಾಗ ಹಿಂದಿನಿಂದ ಗುರುಸಿದ್ದಮ್ಮನ ಕೂಗು ಕೇಳಿಸಿತು: "ಲೇ ಚಿಕ್ಕಸಿದ್ದ, ರಿಪೇರಿ ಮಾಡ್ಸ್ಕಂಡ್ ಬಂದು ಜಗಲಿ ಮ್ಯಾಲೇ ಇಡ್ಲಾ. ನೀರ್ ಉಯ್ಯದೆ ಒಳೀಕ್ ತಕ್ಕಳಕಿಲ್ಲ!"