ಮೊದಲ ತೀರ್ಥ

ಹೊಳೆಗಳಿಗೆ ನೀರಿನದೇ ಬಣ್ಣವಿದ್ದ ಕಾಲ ಕಳೆದ ಮೇಲೆ, ಒಂದೂರಲ್ಲಿ ಬಣ್ಣದ ಕಾರ್ಖಾನೆಯ ಯಜಮಾನನೊಬ್ಬ ಇದ್ದನಂತೆ. ಸೀರೆಗೆ ಹಾಕಿ ಉಳಿದ ಬಣ್ಣವನ್ನೆಲ್ಲ ಊರ ಹೊಳೆಯೇ ಉಡುತ್ತಿತ್ತು.

ಪರಿಸರ ಇಲಾಖೆಯ ಅಧಿಕಾರಿ ಬಂದು, "ದಂಡ ಬೇಡ, ಕೇಸೂ ಬೇಡ. ನೀರನ್ನು ಶುದ್ಧ ಮಾಡಿಯೇ ಬಿಡ್ತೀನಿ ಅಂತ ನೀವಾಗಿಯೇ ಮನಸಾರೆ ಒಪ್ಪಿ ಸಹಿ ಹಾಕಿ" ಅಂದರು. ಯಜಮಾನ ಹಾಕಿದ. ಯಂತ್ರವೂ ಬಂತು. ಅದಕ್ಕೆ ಹಾಕಿದ ಹೂವಿನ ಹಾರ ಒಣಗಿತು, ಸ್ವಿಚ್ಚು ಮಾತ್ರ ಯಾರೂ ಒತ್ತಲಿಲ್ಲ.

"ಯಾವಾಗ ಶುರು ಮಾಡ್ತೀರಿ ಸ್ವಾಮಿ? ಈ ಸಲವೂ ಆಗದಿದ್ದರೆ ನನಗೆ ಎತ್ತಂಗಡಿ."

"ಮನಸಾರೆ ಅಂದಿದ್ರಲ್ಲ ಸಾರ್. ಮನಸ್ಸು ಹೊರಟಿದೆ, ದಾರೀಲಿದೆ. ಈಗ ಮಗಳ ಮದುವೆ ಗಡಿಬಿಡಿ."

ಒಂದು ದಿನ ಗಂಡಿನ ತಾಯಿ ಹೊಳೆ ನೋಡಿಕೊಂಡು ಬಂದು ಯಜಮಾನನ ಎದುರು ಕೂತರು.

"ಮದುವೆ ದಿನ ನಿಮ್ಮ ಹೊಳೇಲೇ ಗಂಗೆ ಪೂಜೆ. ಆ ನೀರನ್ನ ಹೆಣ್ಣಿನ ತಂದೆ ಮೊದಲು ತೀರ್ಥ ಅಂತ ತಗೋಬೇಕು. ನಮ್ಮ ಮನೆತನದ ಪದ್ಧತಿ."

"ಒಂದು ಹನಿ ಸಾಕಲ್ಲ, ಬೀಗಿತ್ತಿಯವರೇ?"

"ಒಂದು ಚೊಂಬು."

ಮದುವೆಯ ಹೊತ್ತಿಗೆ ಹೊಳೆಯ ತಳದ ಕಲ್ಲು ಕಾಣುತ್ತಿತ್ತು. ಯಜಮಾನ ಕಣ್ಣು ಮುಚ್ಚಿ ಚೊಂಬು ಎತ್ತಿ ಕುಡಿದ. ಅಧಿಕಾರಿ ಗಂಡಿನ ತಾಯಿಯ ಕಿವಿಯ ಹತ್ತಿರ ಬಗ್ಗಿ ಕೇಳಿದರು:

"ಅಕ್ಕಾ, ನಿಮ್ಮನೇಲಿ ಈ ಪದ್ಧತಿ ಯಾವಾಗಿನಿಂದ?"

"ಹೋದ ತಿಂಗಳಿಂದ ಕಣೋ, ಸುಮ್ನಿರು."