ಹಾಳೆಯ ಕೆಳಗಿನ ಅರ್ಧ

ಮೂರನೆಯ ಸಲ ಓದಿಸಿದಾಗಲೂ ಫೋನು ಅದನ್ನೇ ಹೇಳಿತು.

"ಹೈ ರಿಸ್ಕ್ ಎಚ್‌ಪಿವಿ ಪತ್ತೆಯಾಗಿದೆ. ಕೂಡಲೇ ತಜ್ಞ ವೈದ್ಯರನ್ನು ಕಾಣಿರಿ."

ಮರಿಯಮ್ಮ ಫೋನನ್ನು ಸೆರಗಿನಲ್ಲಿ ಒರೆಸಿದಳು, ರೋಗ ಅದಕ್ಕೂ ಅಂಟಿಕೊಂಡಿದೆಯೇನೋ ಎನ್ನುವಂತೆ.

ಬೆಳಿಗ್ಗೆ ಕಸದ ಬುಟ್ಟಿ ಎತ್ತಿಕೊಳ್ಳಲು ತನ್ನ ಪೀಜಿಯಲ್ಲಿ ಬಾಡಿಗೆಗಿದ್ದ ಶರ್ವಾಣಿಯ ರೂಮಿಗೆ ಹೋಗಿದ್ದಳು, ಅಷ್ಟೆ. ಹುಡುಗಿ ಸ್ನಾನಕ್ಕಿಳಿದಿದ್ದಳು. ಮೇಜಿನ ಮೇಲೆ ಇಂಗ್ಲಿಷಿನ ಒಂದು ಹಾಳೆ. ಅದರ ಮೇಲರ್ಧದ ಮೇಲೆ ಊಟದ ಡಬ್ಬಿ, ಕೆಳಗೆ ಕೆಂಪಕ್ಷರ. ಡಬ್ಬಿ ಸರಿಸಿದರೆ ಸದ್ದಾದೀತೆಂದು, ಕಂಡಷ್ಟನ್ನೇ ಫೋಟೋ ಹೊಡೆದುಕೊಂಡು ಬಂದುಬಿಟ್ಟಳು. ಇಂಗ್ಲಿಷ್ ಬಾರದ ಮರಿಯಮ್ಮನಿಗೆ ಕರೆಂಟ್ ಬಿಲ್ಲಿನಿಂದ ಹಿಡಿದು ಮಾತ್ರೆ ಚೀಟಿಯವರೆಗೆ ಎಲ್ಲವನ್ನೂ ಕನ್ನಡದಲ್ಲಿ ಓದಿ ಹೇಳುವುದು ಈ ಫೋನೇ. ಆ ವಿದ್ಯೆ ಕಲಿಸಿಕೊಟ್ಟವಳೂ ಶರ್ವಾಣಿಯೇ.

"ತಾಯಿ, ಈ ಎಚ್‌ಪಿವಿ ಅನ್ನೋದು ಯಾರಿಗೆ ಬರುತ್ತೆ?" ಎಂದು ಫೋನನ್ನೇ ಕೇಳಿದಳು.

ಸಾಲುಸಾಲು ವಿಡಿಯೊ ಬಂದವು. ಮೊದಲನೆಯದರಲ್ಲಿ ಬಿಳಿ ಕೋಟಿನವನೊಬ್ಬ. ಹೆಸರಿಲ್ಲ, ಆಸ್ಪತ್ರೆಯಿಲ್ಲ, ಏಳು ಲಕ್ಷ ಜನ ನೋಡಿದ್ದರು. "ನೆನಪಿಡಿ ಅಮ್ಮಂದಿರೇ, ಗಂಡನೊಬ್ಬನನ್ನೇ ನಂಬಿದ ಹೆಣ್ಣಿನ ಹತ್ರ ಇದು ಸುಳಿಯೋದೇ ಇಲ್ಲ. ಮನೇಲಿ ಅಂಥವರಿದ್ರೆ ಲೋಟ, ಬಕೆಟ್ಟು ಬೇರೆ ಇಡಿ!"

ಎರಡನೆಯದರಲ್ಲಿ ಸೀರೆಯುಟ್ಟ ಡಾಕ್ಟರಮ್ಮ ನಿಧಾನವಾಗಿ, "ಗರ್ಭಕೊರಳಿನ ಈ ವೈರಸ್ ಬಹಳ ಸಾಮಾನ್ಯ, ಗಾಬರಿಯಾಗದೆ..." ಎನ್ನುವಷ್ಟರಲ್ಲಿ ಮರಿಯಮ್ಮ ಬೆರಳು ಸರಿಸಿದಳು. ಉತ್ತರ ಆಗಲೇ ಸಿಕ್ಕಿತ್ತು.

ಈಗ ಎಲ್ಲ ಒಂದೊಂದಾಗಿ ಬಿಡಿಸಿಕೊಂಡಿತು. ಮೂರು ವಾರದ ಹಿಂದೆ ಅರೆಕೆರೆಯ ಕಲ್ಯಾಣ ಮಂಟಪದಲ್ಲಿ ಆರೋಗ್ಯ ಶಿಬಿರ. "ಬನ್ನಿ ಆಂಟಿ, ಫ್ರೀ ಇದೆ" ಎಂದು ಸ್ಕೂಟರಿನಲ್ಲಿ ಕೂರಿಸಿಕೊಂಡು ಹೋದವಳು ಇವಳು. ಇಬ್ಬರ ಫಾರಂ ತುಂಬಿ ತನ್ನ ನಂಬರ್ ಬರೆದವಳು ಇವಳು. ಬಿಪಿ, ಶುಗರ್ ನೋಡಿ ನಾರ್ಮಲ್ ಅಂದಮೇಲೆ, ಪರದೆಯ ಹಿಂದೆ ಹೆಂಗಸರ ಪರೀಕ್ಷೆಗೂ ಇಬ್ಬರೂ ಒಟ್ಟಿಗೇ ಹೋಗಿದ್ದರು. ತನ್ನ ರೋಗ ನೋಡಿಸಿಕೊಳ್ಳಲು ನನ್ನನ್ನು ನೆಪ ಮಾಡಿಕೊಂಡಳಲ್ಲ!

ಮೊನ್ನೆ ಹೇಳಿದ್ದೂ ನೆನಪಾಯಿತು. "ಶನಿವಾರ ನನ್ನ ಜೊತೆ ಜಯನಗರದ ಆಸ್ಪತ್ರೆಗೆ ಬನ್ನಿ ಆಂಟಿ. ಒಬ್ಬರೇ ಹೋಗೋ ಜಾಗ ಅಲ್ಲ ಅದು."

"ಯಾಕೇ?"

"ಅಲ್ಲೇ ಹೇಳ್ತೀನಿ."

ಗಂಡ ಉಗ್ರಪ್ಪ ರಾಗಿ ಬಿತ್ತುತ್ತಿದ್ದ ನೆಲದಲ್ಲೇ ಮೇಲೆದ್ದ ಪೀಜಿ ಇದು. ಇಪ್ಪತ್ತಾರು ಹೆಣ್ಣುಮಕ್ಕಳು. ಮಾತು ಹಬ್ಬಿದರೆ ಒಂದು ತಿಂಗಳಲ್ಲಿ ಖಾಲಿ. ಮರಿಯಮ್ಮ ಗೋಡೆಯ ಮೇಲಿದ್ದ ಗಂಡನ ಫೋಟೋ ಕಡೆ ನೋಡಿದಳು. ನಂತರ ಶರ್ವಾಣಿ ಕಾಫಿ ಕುಡಿದ ಲೋಟವನ್ನು ಇಕ್ಕಳದಲ್ಲಿ ಹಿಡಿದು ಕಸಕ್ಕೆಸೆದಳು.

ಸಂಜೆ ಆರಕ್ಕೆ ಶರ್ವಾಣಿ ಕೆಲಸದಿಂದ ಬಂದಾಗ ಅವಳ ಸೂಟ್‌ಕೇಸು ಗೇಟಿನ ಹತ್ತಿರ ನಿಂತಿತ್ತು. ಮೆಟ್ಟಿಲ ತುಂಬ ಹುಡುಗಿಯರು.

"ಏನಾಯ್ತು ಆಂಟಿ?"

"ಆಂಟಿ ಗೀಂಟಿ ಅನ್ಬೇಡ. ನಿನ್ನ ಮೇಜಿನ ಮೇಲಿದ್ದ ಹಾಳೆ ನೋಡ್ದೆ."

ಶರ್ವಾಣಿಯ ಮುಖ ಬಿಳಿಚಿಕೊಂಡಿತು. ಬ್ಯಾಗನ್ನು ಎದೆಗವಚಿಕೊಂಡಳು. "ಪೂರ್ತಿ ನೋಡಿದ್ರಾ?"

"ಬೇಕಾದಷ್ಟು ನೋಡ್ದೆ."

"ಒಳಗೆ ಹೋಗಿ ಮಾತಾಡೋಣ. ಇಷ್ಟು ಜನದ ಮುಂದೆ ಬೇಡ."

"ಯಾಕೆ ಬೇಡ? ಇವರೂ ಅದೇ ಬಕೆಟ್ಟಲ್ಲಿ ಸ್ನಾನ ಮಾಡೋರು. ಕೇಳಲಿ!"

"ಬಕೆಟ್ಟಿಂದೆಲ್ಲ ಬರಲ್ಲ ಆಂಟಿ. ಒಬ್ಬರ ಜೊತೇಲೇ ಬಾಳಿದೋರಿಗೂ ಬರುತ್ತೆ. ಎಷ್ಟೋ ವರ್ಷ ಸುಮ್ನಿದ್ದು ಆಮೇಲೆ ಕಾಣಿಸ್ಕೊಳ್ಳುತ್ತೆ. ಈಗ್ಲೇ ತೋರಿಸಿದ್ರೆ ಮುಂದೆ ಕ್ಯಾನ್ಸರ್ ಆಗೋದನ್ನ ತಡೀಬಹುದು."

"ಆಹಾ, ಎಷ್ಟು ಚೆನ್ನಾಗಿ ಕಲ್ತಿದ್ದೀಯೇ!" ಮರಿಯಮ್ಮ ದನಿಯೇರಿಸಿದಳು. "ಈ ರೋಗ ಬಂದೋಳು ಎಂಥೋಳು ಅಂತ ನಂಗೊತ್ತು ಕಣೇ. ನಡತೆಗೆಟ್ಟೋಳು. ಅಂಥೋಳಿಗೆ ಈ ಮನೇಲಿ ಒಂದು ಲೋಟ ನೀರೂ ಇಲ್ಲ."

ಮೆಟ್ಟಿಲ ಮೇಲೆ ಯಾರೋ ಕಿಸಕ್ಕನೆ ನಕ್ಕರು. ಶರ್ವಾಣಿ ಅತ್ತ ನೋಡಿದಳು, ಇತ್ತ ಮರಿಯಮ್ಮನನ್ನು ನೋಡಿದಳು.

"ಸರಿ, ಹಾಗೇ ಅಂದ್ಕೊಳ್ಳಿ. ನಾನು ಹೋಗ್ತೀನಿ. ಶನಿವಾರ ಮಾತ್ರ ತಪ್ಪಿಸ್ಬೇಡಿ ಆಂಟಿ, ಕೈ ಮುಗೀತೀನಿ."

"ನಿನ್ನ ಪಾಪಕ್ಕೆ ನಾನು ಜೊತೆ ಬರ್ಬೇಕಾ?"

ಬ್ಯಾಗಿನ ಬಾಯಿಯಿಂದ ಹಾಳೆಯ ತುದಿ ಇಣುಕುತ್ತಿತ್ತು. ಮರಿಯಮ್ಮ ಕೈ ಹಾಕಿ ಕಿತ್ತುಕೊಂಡಳು.

"ಬೇಡ! ಇಲ್ಲಿ ಓದಿಸ್ಬೇಡಿ!" ಶರ್ವಾಣಿ ಅಡ್ಡ ಬಂದಳು. ಅವಳು ಅಳುತ್ತಿದ್ದಳು.

ಮರಿಯಮ್ಮ ಅವಳನ್ನು ತಳ್ಳಿ, ಹಾಳೆಯನ್ನು ಗೋಡೆಗೊತ್ತಿ ಫೋಟೋ ಹೊಡೆದಳು, ಈ ಸಲ ಪೂರ್ತಿ. ಸೌಂಡನ್ನು ಕೊನೆಯವರೆಗೂ ಏರಿಸಿದಳು. ಫೋನಿನ ಹೆಣ್ಣುದನಿ ಯಾವ ಅವಸರವೂ ಇಲ್ಲದೆ, ಮೇಲಿನ ಸಾಲಿನಿಂದ ಓದತೊಡಗಿತು.

"ಹೆಸರು, ಮರಿಯಮ್ಮ ಉಗ್ರಪ್ಪ. ವಯಸ್ಸು, ಐವತ್ತಾರು."